ಬಿಡಿಭಾಗಗಳ ಪಟ್ಟಿ

ಜೂನ್ 5, 2022

ಪರಮಪೂಜ್ಯ, ಪ್ರಾತಃಸ್ಮರಣೀಯ, ನಿವೃತ್ತ ವಿಭಾಗ ಮುಖ್ಯಸ್ಥೆ ದೊಡ್ಡಮ್ಮನವರ ಸನ್ನಿಧಾನಕ್ಕೆ,

ವಿಷಯ: ಒಂದು ಕಂಪ್ಯೂಟರಿನ ಪುರಪ್ರವೇಶದ ಬಗ್ಗೆ.

ತಮ್ಮ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಾನು ಹೇಳಿದ್ದೊಂದು ತಮಗೆ ತಲುಪಿದ್ದೊಂದು ಆಗುತ್ತಿರುವುದರಿಂದ, ಇನ್ನು ಮುಂದೆ ಕಾಗದವನ್ನೇ ಹಾಕತಕ್ಕದ್ದು ಎಂಬ ತಮ್ಮ ಆದೇಶವನ್ನು ಶಿರಸಾವಹಿಸಿ ಬರೆಯುತ್ತಿದ್ದೇನೆ. ಸಾಕು. ಈಗ ನೀನು ಅಂತಲೇ ಬರೆಯುತ್ತೇನೆ, ಕೈ ನೋಯುತ್ತೆ.

ನಿನ್ನನ್ನೂ ಅಮ್ಮನನ್ನೂ ಒಂದೇ ಮೇಜಿನ ಆಚೆ ಈಚೆ ಕೂರಿಸಿ ದುಡಿಸಿಕೊಂಡ ಪಂಪ್ ಕಾರ್ಖಾನೆ ಬಾಗಿಲು ಹಾಕಿತು. ಹೋದ ಶನಿವಾರ ಆಫೀಸಿನ ಸಾಮಾನು ಹರಾಜು. ನಾನು ಹೋದದ್ದು ಒಂದು ಕುರ್ಚಿಗೆ. ವಾಪಸ್ ಬಂದದ್ದು ನಿಮ್ಮ ಕಂಪ್ಯೂಟರಿನ ಜೊತೆ. ಗುಜರಿಯವನು ಅದನ್ನು ಆಗಲೇ ತಕ್ಕಡಿಗೆ ಎತ್ತಿದ್ದ. "ಅಣ್ಣಾ, ಇದು ಓಡುತ್ತಾ?" ಅಂದೆ. "ಓಡಿದ್ರೆ ನನ್ನ ಹತ್ರ ಯಾಕಪ್ಪಾ ಬರ್ತಿತ್ತು" ಅಂದ. ಇಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ನಿರಾಸೆ ಮಾಡಲು ಮನಸ್ಸಾಗಲಿಲ್ಲ, ಕೊಂಡುಬಿಟ್ಟೆ.

ಸದರಿ ಯಂತ್ರದ ವಿವರ: ತಗಡಿನ ಪೆಟ್ಟಿಗೆ, ಬಣ್ಣ ಒಂದು ಕಾಲದಲ್ಲಿ ಬಿಳಿ. ತೂಕ ನನ್ನ ಅರ್ಧ. ಮೇಲೆ ಟೀವಿಯಂಥ ಪರದೆ. ಕೀಲಿಮಣೆಯ ಮೇಲಿನ ಅಕ್ಷರಗಳಲ್ಲಿ ಆರು ಸವೆದು ಹೋಗಿವೆ. ಒಳಗೆ ಹಲ್ಲಿಮೊಟ್ಟೆ ನಾಲ್ಕು, ಪಿನ್ನು ಹನ್ನೊಂದು, ಯಾರದ್ದೋ ರಜೆ ಅರ್ಜಿ ಒಂದು (ಮಂಜೂರಾಗಿಲ್ಲ).

ಅಮ್ಮ ಅದನ್ನು ನೋಡಿದವಳೇ, "ಇದು ಯಾಕೆ ಬಂತು ಇಲ್ಲಿಗೆ" ಅಂದಳು, ಬೇಡದ ನೆಂಟ ಬಾಗಿಲಲ್ಲಿ ನಿಂತ ಹಾಗೆ. ಅವತ್ತಿಂದ ಆ ಕೋಣೆಗೆ ಕಾಲಿಟ್ಟಿಲ್ಲ. ಮದುವೆಗೆ ಮುಂಚೆ ಈ ಯಂತ್ರದೊಳಗಿಂದ ಏನನ್ನೋ ಅಳಿಸಿ ಕೆಲಸ ಕಳೆದುಕೊಂಡಳು ಎಂಬುದಷ್ಟೇ ನನಗೆ ಗೊತ್ತು. ಅದರ ಪರಿಣಾಮ ಮಾತ್ರ ದಿನಾ ನೋಡುತ್ತಿದ್ದೇನಲ್ಲ. ಗುಂಡಿ ಇರುವ ಯಾವುದನ್ನೂ ಅವಳು ಮುಟ್ಟುವುದಿಲ್ಲ, ಅಂಗಿಯ ಗುಂಡಿ ಒಂದನ್ನು ಬಿಟ್ಟು. ಸಿದ್ಧ ಉಡುಪಿನ ಅಂಗಡಿಯವರು ತಂದು ಸುರಿಯುವ ರಾಶಿಗೆ ಕೈಯಲ್ಲೇ ಗುಂಡಿ ಹೊಲಿದು ಕೊಡುತ್ತಾಳೆ. ಹೊಲಿಗೆ ಮೆಷಿನ್ ಕೊಡುತ್ತೇವೆ ಅಂದರೆ, "ಬೇಡ, ನನ್ನ ಕೈ ಸರಿಯಿಲ್ಲ" ಅನ್ನುತ್ತಾಳೆ. ನಾನು ಲಿಫ್ಟ್ ರಿಪೇರಿ ಮಾಡಿ ಬದುಕುವವನು, ನನ್ನ ಹೆತ್ತ ತಾಯಿ ದಿನಾ ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಮನೆಗೆ ಬರುತ್ತಾಳೆ. ಕಂಪನಿಗೆ ಗೊತ್ತಾದರೆ ನನ್ನ ಮರ್ಯಾದೆ ಏನಾಗಬೇಕು?

ಆದ್ದರಿಂದ ಒಂದು ಸಂಚು. ಯಂತ್ರ ಓಡಿದ ದಿನ ಅದರ ಪರದೆಯ ಮೇಲೆ ಮ್ಯಾನೇಜರ್ ಹೊರಡಿಸಿದ ಹಾಗೆ ಒಂದು ಗಂಭೀರ ಆದೇಶ ಮೂಡಿಸುತ್ತೇನೆ: ಅಮ್ಮನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ, ಕಾರ್ಖಾನೆ ಮುಚ್ಚಿರುವುದರಿಂದ ಮನೆಯಲ್ಲೇ ಕೂತು ಸಂಬಳವಿಲ್ಲದೆ ದುಡಿಯತಕ್ಕದ್ದು. ಅವಳು ನಗಬೇಕು. ಇಷ್ಟೇ ಯೋಜನೆ. ಇದನ್ನು ಓಡಿಸಲು ಗೊತ್ತಿರುವವಳು ಈಗ ಭೂಮಿಯ ಮೇಲೆ ನೀನೊಬ್ಬಳೇ. ಉಪದೇಶ ಕಳಿಸು.

ಇಂತಿ ವಿಧೇಯ,
ತರಲೆ


ಜೂನ್ 19

ಚಿರಂಜೀವಿ ತರಲೆಗೆ,

ಕಾಗದ ತಲುಪಿತು. ಮುಂದಿನ ಸಲ ಪೀಠಿಕೆ ಕಡಿಮೆ ಮಾಡು, ಅರ್ಧ ಪುಟ ಅದಕ್ಕೇ ಹೋಗಿದೆ.

ತಂದ ತಕ್ಷಣ ಕರೆಂಟು ಕೊಟ್ಟಿಲ್ಲ ಅಂದುಕೊಂಡಿದ್ದೇನೆ. ಮೊದಲು ಮೆತ್ತಗಿನ ಬ್ರಷ್ಷಿನಲ್ಲಿ ಧೂಳು ತೆಗಿ. ಡಿಸ್ಕ್ ತೂರಿಸುವ ಸೀಳಿನ ಒಳಗೆ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸು. ತಿಂಗಳಿಗೊಮ್ಮೆ ನಾನೇ ಒರೆಸುತ್ತಿದ್ದೆ. ಕೀಲಿಮಣೆಯ ಉದ್ದ ಗುಂಡಿ ಎಡಗಡೆಗೆ ಒತ್ತಿದರೆ ಸಿಕ್ಕಿಕೊಳ್ಳುತ್ತದೆ, ನಡುವೆ ಒತ್ತು. ಪರದೆ ಬೆಚ್ಚಗಾಗಲು ಒಂದು ನಿಮಿಷ ಬೇಕು, ಕೆಟ್ಟಿದೆ ಅಂದುಕೊಂಡು ತಲೆಗೆ ಹೊಡೆಯಬೇಡ.

ಓಡಿದರೆ, ಹಸಿರು ಅಕ್ಷರದಲ್ಲಿ ಅದು ಮೊದಲು ಕೇಳುವುದು ತಾರೀಖು, ಆಮೇಲೆ ಗಂಟೆ. ಅದರ ಹೊಟ್ಟೆಯಲ್ಲಿ ಗಡಿಯಾರ ಇಲ್ಲ. ಆರಿಸಿದರೆ ಎಲ್ಲ ಮರೆತು, ಮತ್ತೆ ಹಾಕಿದಾಗ 1980ರ ಜನವರಿ ಒಂದು ಅಂದುಕೊಂಡು ಏಳುತ್ತದೆ. ಏನೂ ಬರೆಯದೆ ಗುಂಡಿ ಒತ್ತಿದರೂ ಸುಮ್ಮನೆ ಮುಂದಕ್ಕೆ ಹೋಗುತ್ತದೆ, ಆ ದಿನ ಉಳಿಸಿದ್ದಕ್ಕೆಲ್ಲ ಅದೇ 1980ರ ತಾರೀಖು ಬೀಳುತ್ತದೆ. ನಿನ್ನಮ್ಮ ಹಾಗೇ ಮಾಡುತ್ತಿದ್ದಳು. ಎಷ್ಟು ಹೇಳಿದರೂ, "ಅದಕ್ಕೆ ತಾರೀಖು ತಗೊಂಡು ಏನಾಗಬೇಕಕ್ಕಾ, ಅದೇನು ಎಲ್ಲಿಗಾದ್ರೂ ಹೋಗಬೇಕಾ" ಅನ್ನುತ್ತಿದ್ದಳು. ಅವಳ ಎರಡು ವರ್ಷದ ಕೆಲಸವೆಲ್ಲ ಒಂದೇ ದಿನ ಆದ ಹಾಗಿದೆ. ನಾನು ಮಾತ್ರ ಆ ಮೇಜಿನಿಂದ ಏಳುವವರೆಗೆ ಒಂದು ಬೆಳಿಗ್ಗೆಯೂ ತಾರೀಖು ಬರೆಯುವುದನ್ನು ತಪ್ಪಿಸಿದವಳಲ್ಲ. ನೀನೂ ಹಾಗೇ ಮಾಡು. ಅವಳಿಗೆ ಆ ಯಂತ್ರದ ಕೆಲಸ ಕಲಿಸಿದವಳು ನಾನೇ, ಆದರೆ ಶಿಸ್ತನ್ನು ಕಲಿಸಲಾಗಲಿಲ್ಲ.

ಆದೇಶ ಗೀದೇಶ ಎಂಬ ಹುಡುಗಾಟ ಬೇಡ. ಅವಳಿಗೆ ಅದು ಹಳೆಯ ನೋವು. ಯಂತ್ರ ನಿನ್ನ ಆಟಕ್ಕೆ ಇರಲಿ, ಅವಳನ್ನು ಅದರ ಮುಂದೆ ಎಳೆದು ತರಬೇಡ. ಮೆಟ್ಟಿಲು ಹತ್ತಿದರೆ ಆರೋಗ್ಯಕ್ಕೆ ಒಳ್ಳೆಯದೇ.

ಆಶೀರ್ವಾದಗಳೊಂದಿಗೆ,
ದೊಡ್ಡಮ್ಮ


ಜುಲೈ 10

ದೊಡ್ಡಮ್ಮಾ,

ಪೀಠಿಕೆ ಇಲ್ಲ. ನೇರವಾಗಿ ದುರಂತಕ್ಕೆ ಬರುತ್ತೇನೆ.

ಬ್ರಷ್ಷಾಯಿತು, ಸ್ಪಿರಿಟ್ಟಾಯಿತು, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಕಲ ಗೌರವಗಳೊಂದಿಗೆ ಕರೆಂಟು ಕೊಡಲಾಯಿತು. ಫ್ಯಾನು ತಿರುಗಿತು. ನಾಲ್ಕು ಸೆಕೆಂಡು ಎಲ್ಲ ಸೊಗಸು. ಐದನೆಯ ಸೆಕೆಂಡಿಗೆ ಒಳಗಿಂದ ಪಟಾಕಿಯಂಥ ಸದ್ದು, ಅದರ ಹಿಂದೆ ಒಂದು ಹೊಗೆ, ಅದರ ಹಿಂದೆ ಸುಟ್ಟ ಮೀನಿನ ವಾಸನೆ. ಮೃತರನ್ನು ಪತ್ತೆ ಹಚ್ಚಿದ್ದೇನೆ: ಕಡಲೆಕಾಳಿನಷ್ಟು ದೊಡ್ಡ ಹಳದಿ ಕೆಪಾಸಿಟರ್, ಮೂವತ್ತೈದು ವರ್ಷ ಸೇವೆ ಸಲ್ಲಿಸಿ ಕರ್ತವ್ಯದ ಮೇಲಿದ್ದಾಗಲೇ ಅಗಲಿತು. ಅದರ ಸೋದರರು ಇನ್ನೂ ಏಳು ಜನ ಅದೇ ಹಲಗೆಯ ಮೇಲಿದ್ದಾರೆ. ಅವರನ್ನೂ ನಂಬುವಂತಿಲ್ಲ ಎಂದು ಎಲ್ಲರನ್ನೂ ಕಿತ್ತು, ಸ್ಕೂಲಿಗೆ ಹೋಗುವಾಗ ನೀನು ಕೊಡಿಸಿದ್ದೆಯಲ್ಲ, ಅದೇ ಬೆಸುಗೆ ಕಡ್ಡಿಯಲ್ಲಿ ಹೊಸಬರನ್ನು ಕೂರಿಸಿದೆ. ಹಳೇ ಯಂತ್ರ ರಿಪೇರಿಯವರ ಒಂದು ಗುಂಪಿದೆ, ನನ್ನಂಥ ಕೆಲಸವಿಲ್ಲದ ಹದಿನಾಲ್ಕು ಜನ. ಅವರು ಹೇಳಿದ್ದು, ಹೊಗೆ ಬರದಿದ್ದರೆ ಅದು ಅಸಲಿ ಅಲ್ಲ ಅಂತ.

ಈಗ ಪರದೆ ಹಸಿರಾಗುತ್ತದೆ. ಒಂದು ಗೆರೆ ಮಿಟುಕುತ್ತದೆ. ಅಷ್ಟೇ. ಒಳಗಿನ ಹಾರ್ಡ್ ಡಿಸ್ಕ್, ಇಟ್ಟಿಗೆಯಷ್ಟು ದಪ್ಪ ಇದೆಯಲ್ಲ, ಅದು ತಿರುಗುತ್ತಿಲ್ಲ. ಗೊಣಗುತ್ತದೆ, ಏಳುವುದಿಲ್ಲ. ನಿಮ್ಮ ಕಾಲದಲ್ಲೂ ಹೀಗೆ ಮಾಡುತ್ತಿತ್ತಾ? ಏನು ಮಾಡುತ್ತಿದ್ದಿರಿ?

ಇನ್ನೊಂದು. ಪಟಾಕಿ ಸದ್ದಿಗೆ ಅಮ್ಮ ಪೊರಕೆ ಹಿಡಿದು ಬಂದಳು, ಬಾಗಿಲಲ್ಲೇ ನಿಂತಳು. ನಾನು ಬದುಕಿದ್ದೇನೆ ಎಂಬುದನ್ನು ಖಚಿತ ಮಾಡಿಕೊಂಡ ಮೇಲೂ ಹೋಗಲಿಲ್ಲ. "ಫ್ಯಾನಿನ ಸದ್ದು ಹಾಗೇ ಇದೆ" ಅಂದಳು. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತು, ನಾನು ಕೇಳದೆಯೇ ಹೇಳಿದಳು. ಜೀವಮಾನದಲ್ಲಿ ಮೊದಲ ಸಲ.

"ಪಂಪಿನ ಬಿಡಿಭಾಗ ನಾಲ್ಕು ಸಾವಿರ ಇದ್ವು. ಒಂದೊಂದರ ನಂಬರು, ಅಳತೆ, ಯಾವ ಕಪಾಟು, ಯಾವ ಖಾನೆ, ಎಲ್ಲ ಟೈಪ್ ಮಾಡಿ ಹಾಕಿದ್ದೆ. ಎರಡು ವರ್ಷ ಹಿಡೀತು. ಇನ್ನೊಂದು ಪ್ರತಿ ಇಟ್ಟುಕೊಳ್ಳೋಕೆ ಡಿಸ್ಕ್ ತರಿಸಿ ಸಾರ್ ಅಂತ ಮೂರು ಸಲ ಬರೆದು ಕೊಟ್ಟೆ, ನೋಡೋಣ ಅಂದ್ರು. ಒಂದಿನ ಹತ್ತಕ್ಕೆ ಬಂದು ತೆಗೀತೀನಿ, ಖಾಲಿ. ಹೆಸರಿದೆ, ಒಳಗೆ ಏನೂ ಇಲ್ಲ. ಹಿಂದಿನ ದಿನ ಸಂಜೆ ಆರಿಸಿ ಹೋದವಳು ನಾನೇ. ನನ್ನ ಪಟ್ಟಿಯನ್ನ ಇನ್ಯಾರು ಮುಟ್ಟುತ್ತಾರೆ? ಅವಸರದಲ್ಲಿ ಏನೋ ಒತ್ತಿಬಿಟ್ಟಿದ್ದೀನಿ. ಏನು ಒತ್ತಿದೆ ಅಂತ ಇವತ್ತಿಗೂ ನೆನಪಾಗಲ್ಲ ನೋಡು. ಮಲಗಿದಾಗ ಒಂದೊಂದೇ ಗುಂಡಿ ನೆನೆಸಿಕೊಳ್ತೀನಿ. ಇದಾ? ಇದಾ?"

ಇಷ್ಟು ಹೇಳಿ ಪೊರಕೆ ಅಲ್ಲೇ ಬಿಟ್ಟು ಹೋದಳು. ನಾನು ಅದಕ್ಕೆ ಏನೂ ತಮಾಷೆ ಸೇರಿಸಲಿಲ್ಲ. ನಿನಗೆ ಆಶ್ಚರ್ಯವಾಗಬಹುದು.

ನಿನ್ನ,
ತರಲೆ


ಜುಲೈ 24

ತರಲೆಗೆ,

ಡಿಸ್ಕ್ ತಿರುಗುತ್ತಿಲ್ಲ ಅಂದರೆ ಅದು ಮುಗಿಯಿತು ಅಂತಲೇ. ನೀನು ಅದನ್ನು ಬಿಚ್ಚಬೇಡ, ಪಕ್ಕಕ್ಕೆ ತಟ್ಟಬೇಡ. ತಟ್ಟಿದರೆ ಒಳಗಿನ ತಟ್ಟೆಗೆ ಗೀರು ಬೀಳುತ್ತದೆ. ಅದರಲ್ಲಿ ಇರುವುದಾದರೂ ಏನು, ಯಾರಿಗೂ ಬೇಡದ ಆಫೀಸು ಕಾಗದ.

ಗುಜರಿಯವನಿಗೇ ವಾಪಸ್ ಕೊಡು. ನಿನಗೆ ಕೈಯಾಡಿಸಲು ಒಂದು ಯಂತ್ರ ಬೇಕಿದ್ದರೆ ಹೇಳು, ಒಳ್ಳೆಯದನ್ನೇ ಕೊಡಿಸುತ್ತೇನೆ. ಮನೆಯಲ್ಲಿ ಅದು ಇರುವಷ್ಟು ದಿನ ಅವಳು ಹೀಗೇ ಕೂತು ಹಳೆಯದನ್ನು ತೆಗೆಯುತ್ತಾಳೆ. ಅವಳ ಜೀವಕ್ಕೆ ಅದು ಒಳ್ಳೆಯದಲ್ಲ.

ನನಗೆ ಮಂಡಿ ನೋವು ಜಾಸ್ತಿ. ಹೆಚ್ಚು ಬರೆಯಲಾಗುವುದಿಲ್ಲ.

ದೊಡ್ಡಮ್ಮ


ಆಗಸ್ಟ್ 28

ಮಹಾಜನಗಳೇ,

ಓಡಿತು.

ಪಕ್ಕಕ್ಕೆ ತಟ್ಟಬೇಡ ಅಂತ ನೀನು ಬರೆಯದಿದ್ದರೆ ಪಕ್ಕಕ್ಕೆ ತಟ್ಟಬಹುದು ಎಂಬುದೇ ನನಗೆ ಹೊಳೆಯುತ್ತಿರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಲ್ಲಿ, ಮಲಗಿದ ಮಗುವನ್ನು ಎಬ್ಬಿಸುವಷ್ಟು ಮೆತ್ತಗೆ, ಎರಡು ಸಲ. ಮೂರನೆಯ ಸಲ ಅಷ್ಟು ಮೆತ್ತಗಲ್ಲ. ಅದು ಒಂದು ಸಲ ಸೀನಿ, ವಿಮಾನ ಏಳುವ ಹಾಗೆ ಕೂಗುತ್ತ ತಿರುಗಿಕೊಂಡಿತು. ನನ್ನ ಆಚೀಚೆ ಮನೆಯವರು ಮಿಕ್ಸಿ ಆರಿಸಿ ಕೇಳಿಸಿಕೊಂಡರು.

ತಾರೀಖು ಕೇಳಿತು. ನಿನ್ನ ಮಾತಿಗೆ ಬೆಲೆ ಕೊಟ್ಟು ಬರೆದೆ. ಗಂಟೆ ಕೇಳಿತು. ಅದನ್ನೂ ಬರೆದೆ. ಆಮೇಲೆ ಮೂರಕ್ಷರದ ಅಪ್ಪಣೆ ಕೊಟ್ಟೆ, ಫೈಲುಗಳ ಹೆಸರೆಲ್ಲ ಸಾಲಾಗಿ ಇಳಿದವು, ಪ್ರತಿಯೊಂದರ ಮುಂದೆ ಎಷ್ಟು ದಪ್ಪ, ಯಾವ ದಿನ ಯಾವ ಗಂಟೆಗೆ ಉಳಿಸಿದ್ದು. ನಿಮ್ಮಿಬ್ಬರನ್ನು ಗುರುತಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. 1980ರ ಜನವರಿ ಒಂದು, 1980ರ ಜನವರಿ ಒಂದು, ಹೀಗೆ ಅಮ್ಮನ ಮೂವತ್ತೆರಡು ಫೈಲು. ಒಂದು ದಿನದಲ್ಲಿ ಇಷ್ಟು ಕೆಲಸ ಮಾಡಿದ ಉದ್ಯೋಗಿ ಪ್ರಪಂಚದಲ್ಲಿ ಇಲ್ಲ. ಮಿಕ್ಕಿದ್ದೆಲ್ಲ ನಿನ್ನದು, ತಾರೀಖು, ಗಂಟೆ, ನಿಮಿಷ ಸಮೇತ. ಸಾಲಿನಲ್ಲಿ 91ರ ಮಾರ್ಚಿನ ಫೈಲುಗಳ ಕೆಳಗೆ ಜನವರಿ ಒಂದು ಒಂದೂ ಇಲ್ಲ. ಅಮ್ಮ ಅಲ್ಲಿಂದ ಹೋದದ್ದು ಇಲ್ಲಿ ಹೀಗೆ ಕಾಣುತ್ತದೆ.

ಬಿಡಿಭಾಗಗಳ ಪಟ್ಟಿಯೂ ಇದೆ, ಎರಡು. ಒಂದು ನೀನು ಆಮೇಲೆ ಹೊಸದಾಗಿ ಹೊಡೆದದ್ದು. ಇನ್ನೊಂದು ಆ ಖಾಲಿ ಪಟ್ಟಿ, ಅಮ್ಮನದು. ಅದನ್ನು ಯಾಕೆ ಉಳಿಸಿಕೊಂಡಿದ್ದಿರಿ ಅಂತ ಅಮ್ಮನನ್ನು ಕೇಳಿದ್ದಕ್ಕೆ, ಸಾಕ್ಷಿ, ಯಾರೂ ಮುಟ್ಟಬಾರದು ಅಂತ ಮ್ಯಾನೇಜರ್ ಹೇಳಿದ್ದನಂತೆ.

ಅದರ ಮುಂದೆ ಜನವರಿ ಒಂದು ಇಲ್ಲ, ದೊಡ್ಡಮ್ಮಾ.

1991, ಮಾರ್ಚ್ 14, ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷ ಅಂತಿದೆ.

ಈ ಕಾಗದ ಶುರು ಮಾಡಿದಾಗ ನನಗೆ ಇದು ಹೊಳೆದಿರಲಿಲ್ಲ. ತಮಾಷೆ ಮಾಡುತ್ತ ಬರೆಯುತ್ತಿದ್ದೆ, ಈ ಸಾಲಿಗೆ ಬಂದು ನಿಂತೆ. ಟೀ ಮಾಡಿಕೊಂಡು ಬಂದು ಮತ್ತೆ ನೋಡಿದೆ. ಅಮ್ಮ ಹಿಂದಿನ ಸಂಜೆ ಅಳಿಸಿದ್ದರೆ ಅಲ್ಲಿ ಜನವರಿ ಒಂದು ಇರಬೇಕಿತ್ತು. ಅಮ್ಮ ಬೆಳಿಗ್ಗೆ ಬಂದದ್ದು ಹತ್ತಕ್ಕೆ. ಒಂಬತ್ತು ಐದಕ್ಕೆ ಯಾರೋ ಯಂತ್ರ ಹಾಕಿ, ಕೇಳಿದಾಗ ತಾರೀಖನ್ನು ಸರಿಯಾಗಿ ಬರೆದು, ಗಂಟೆಯನ್ನೂ ಬರೆದು, ಖಾಲಿ ಪಟ್ಟಿಯನ್ನು ಅಮ್ಮನ ಪಟ್ಟಿಯ ಮೇಲೆ ಉಳಿಸಿದ್ದಾರೆ.

ಅಲ್ಲಿ ತಾರೀಖು ಬರೆಯುತ್ತಿದ್ದವರು ಯಾರು?

ಅಮ್ಮನಿಗೆ ಹೇಳಿಲ್ಲ. ಮೊದಲು ನಿನ್ನನ್ನು ಕೇಳುತ್ತಿದ್ದೇನೆ. ನಾನು ಓದಿದ್ದು ತಪ್ಪು ಅಂತ ಬರಿ.

ತರಲೆ


ಸೆಪ್ಟೆಂಬರ್ 20

ನಿವೃತ್ತ ವಿಭಾಗ ಮುಖ್ಯಸ್ಥರಿಗೆ,

ವಿಷಯ: ಜ್ಞಾಪನಾ ಪತ್ರ.

ದಿನಾಂಕ ಆಗಸ್ಟ್ 28ರ ನನ್ನ ಪತ್ರಕ್ಕೆ ತಮ್ಮಿಂದ ಇದುವರೆಗೆ ಯಾವುದೇ ಉತ್ತರ ಬಂದಿರುವುದಿಲ್ಲ. ಮಂಡಿ ನೋವಿನಿಂದ ಕೈ ನಿಲ್ಲುವುದಿಲ್ಲ ಎಂಬುದನ್ನು ವೈದ್ಯರಲ್ಲಿ ವಿಚಾರಿಸಿ ತಿಳಿದುಕೊಂಡಿರುತ್ತೇನೆ.

ಈ ಇಪ್ಪತ್ಮೂರು ದಿನದಲ್ಲಿ ಅಮ್ಮ ಆರುನೂರು ಅಂಗಿಗೆ ಗುಂಡಿ ಹೊಲಿದಿದ್ದಾಳೆ. ಬೆರಳ ತುದಿ ಒಡೆದಿದೆ, ಅದಕ್ಕೆ ಮೇಣ ಹಚ್ಚಿಕೊಳ್ಳುತ್ತಾಳೆ. ನಿನ್ನೆ ಅಂಗಡಿಯವನು ಮತ್ತೆ ಕೇಳಿದ, "ಮೆಷಿನ್ ಕೊಡ್ತೀವಲ್ಲಮ್ಮಾ." ಅವಳು ಅದೇ ಹೇಳಿದಳು. ಕೈ ಸರಿಯಿಲ್ಲ. ನಾನು ಅಲ್ಲೇ ಇದ್ದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾನು ಮಾತು ನುಂಗುವವನಲ್ಲ ಅಂತ ನಿನಗೆ ಗೊತ್ತು, ರುಚಿ ಚೆನ್ನಾಗಿರಲಿಲ್ಲ.

ತಾವು ಉತ್ತರಿಸದಿದ್ದಲ್ಲಿ ಅದನ್ನೇ ಉತ್ತರವೆಂದು ಪರಿಗಣಿಸಲಾಗುವುದು.

ತರಲೆ


ಅಕ್ಟೋಬರ್ 4

ನೀನು ಓದಿದ್ದು ತಪ್ಪಲ್ಲ.

ಮೊದಲನೆಯದು, ಅವಳಿಗೆ ನಾನು ಕಲಿಸಿದ್ದಲ್ಲ. ಅವಳು ನನಗೆ ಕಲಿಸಿದ್ದು. ಟೈಪಿಂಗ್ ನಾನು ಕಲಿಸಿದ್ದೆ, ಅಷ್ಟೇ. ಕಂಪ್ಯೂಟರ್ ಬಂದಾಗ ಅವಳು ಒಂದು ವಾರದಲ್ಲಿ ಹಿಡಿದುಕೊಂಡಳು, ನನಗೆ ತಲೆಗೆ ಹೋಗಲಿಲ್ಲ. ತಾರೀಖು, ಗಂಟೆ, ಧೂಳು ಒರೆಸುವುದು, ಇವು ನನಗೆ ಬರುತ್ತಿದ್ದವು, ಅದಕ್ಕೇ ಅವನ್ನು ಅಷ್ಟು ನಿಷ್ಠೆಯಿಂದ ಮಾಡುತ್ತಿದ್ದೆ. ವಿಭಾಗಕ್ಕೆ ಒಬ್ಬರನ್ನು ಮುಖ್ಯಸ್ಥೆ ಮಾಡುತ್ತಾರೆ, ಪಟ್ಟಿ ಓಡಿಸಲು ಬರುವವರಿಗೇ ಅಂತ ಸುದ್ದಿ ಇತ್ತು. ನನಗಿಂತ ಒಂಬತ್ತು ವರ್ಷ ಚಿಕ್ಕವಳ ಪಕ್ಕ ಕೂತು, ಎಲ್ಲರೂ ನೋಡುವಾಗ, "ಇದಾದ ಮೇಲೆ ಏನು ಒತ್ತಬೇಕೇ?" ಅಂತ ಕೇಳಲು ನನಗೆ ಆಗುತ್ತಿರಲಿಲ್ಲ. ಅದಕ್ಕೆ ಒಬ್ಬಳೇ ಬೇಗ ಬಂದು ಅಭ್ಯಾಸ ಮಾಡುತ್ತಿದ್ದೆ.

ಅವತ್ತು ಹಳೆಯ ಪಟ್ಟಿ ತೆರೆಯುವ ಬದಲು ಹೊಸದನ್ನು ತೆರೆದಿದ್ದೆ. ಅದೇ ಹೆಸರು ಕೊಟ್ಟೆ. ಈ ಹೆಸರಿನದು ಆಗಲೇ ಇದೆ, ಅದರ ಮೇಲೆಯೇ ಉಳಿಸಲಾ ಅಂತ ಕೇಳಿತು. ನಾನು ಹೌದು ಅಂತ ಒತ್ತಿ, ಆರಿಸಿ, ಕೆಳಗೆ ಹೋಗಿ ಟೀ ಕುಡಿದೆ. ಏನಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಇದನ್ನು ನೀನು ನಂಬಬೇಕು.

ಹನ್ನೊಂದರ ಹೊತ್ತಿಗೆ ಗೊತ್ತಾಯಿತು. ಅವಳು ಮ್ಯಾನೇಜರ ಎದುರು ಅಳುತ್ತ, ನಾನೇ ಏನೋ ಒತ್ತಿರಬೇಕು ಸಾರ್ ಅನ್ನುತ್ತಿದ್ದಳು. ಯಾರೂ ಅವಳನ್ನು ಕೇಳುವ ಮೊದಲೇ ಹೇಳಿಬಿಟ್ಟಿದ್ದಳು. ನಾನು ಬಾಯಿ ಬಿಡಬೇಕು ಅನ್ನುವಷ್ಟರಲ್ಲಿ ಅದು ಮುಗಿದು ಹೋಗಿತ್ತು. ಆಮೇಲೆ ಪರದೆ ನೋಡಿದೆ. ತಾರೀಖು ಅಲ್ಲೇ ಇತ್ತು. ಆಫೀಸಿನಲ್ಲಿ ಆ ಪರದೆಯನ್ನು ಓದಲು ಬರುತ್ತಿದ್ದವರು ನಾವಿಬ್ಬರೇ. ಒಬ್ಬಳನ್ನು ಮಧ್ಯಾಹ್ನವೇ ಮನೆಗೆ ಕಳಿಸಿದರು.

ನಾಳೆ ಹೇಳುತ್ತೇನೆ ಅಂದುಕೊಂಡೆ. ಮುಂದಿನ ವಾರ ಅಂದುಕೊಂಡೆ. ನನ್ನನ್ನು ಮುಖ್ಯಸ್ಥೆ ಮಾಡಿದ ಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟೆ. ಅವಳಿಗೆ, ನಿನಗೆ, ನನ್ನಿಂದ ಆದದ್ದನ್ನೆಲ್ಲ ಮಾಡಿದ್ದೇನೆ. ನೀನು ಹುಟ್ಟಿದಾಗಿನಿಂದ ಮಾಡಿದ್ದೇನೆ.

ಒಂದೇ ಕೇಳುತ್ತೇನೆ. ನಾನು ಇರುವವರೆಗೆ ಅವಳಿಗೆ ಹೇಳಬೇಡ. ನನಗೆ ಅವಳೊಬ್ಬಳೇ ಇರುವುದು. ಈ ವಯಸ್ಸಿನಲ್ಲಿ ಅವಳ ಕೆಲಸವನ್ನು ಅವಳಿಗೆ ವಾಪಸ್ ಕೊಡಲು ಯಾರಿಂದಲೂ ಆಗುವುದಿಲ್ಲ, ನನ್ನಿಂದ ಅವಳನ್ನು ಕಿತ್ತುಕೊಳ್ಳಲು ಮಾತ್ರ ಆಗುತ್ತದೆ.

ದೊಡ್ಡಮ್ಮ


ಅಕ್ಟೋಬರ್ 23

ದೊಡ್ಡಮ್ಮಾ,

ನಾನು ಹೇಳಲಿಲ್ಲ. ಇದನ್ನು ಮೊದಲು ಬರೆದಿಡುತ್ತೇನೆ.

ನಿನ್ನ ಕಾಗದವನ್ನು ಐದು ದಿನ ಟೂಲ್ ಬ್ಯಾಗಿನಲ್ಲಿ ಇಟ್ಟುಕೊಂಡು ಲಿಫ್ಟುಗಳ ಮೇಲೆ ಕೆಳಗೆ ಓಡಾಡಿದೆ. ಆರನೆಯ ದಿನ ತೀರ್ಮಾನ ಮಾಡಿದೆ, ಆಯಿತು, ಸುಮ್ಮನಿರುತ್ತೇನೆ ಅಂತ. ಯಾಕೆ ಅಂತ ಕೇಳಬೇಡ. ನಿನ್ನ ಮೇಲಿನ ಪ್ರೀತಿಯಿಂದ ಅಂತ ಬರೆಯಲು ಈಗ ಕೈ ಬರುವುದಿಲ್ಲ. ನಿಜ ಹೇಳುವುದು ಕೊಡಲಿಯಲ್ಲಿ ಗಡಿಯಾರ ರಿಪೇರಿ ಮಾಡಿದ ಹಾಗೆ ಅನ್ನಿಸಿತು, ಅದಕ್ಕೆ. ಆದರೆ ಅವಳಿಗೆ ಏನಾದರೂ ಕೊಡಬೇಕಿತ್ತು. ನನ್ನ ಹತ್ತಿರ ಇದ್ದದ್ದು ಒಂದು ಕುಚೇಷ್ಟೆ.

ಭಾನುವಾರ ಆದೇಶವನ್ನು ಪರದೆಗೆ ಏರಿಸಿದೆ. ಅದಕ್ಕೆ ಕನ್ನಡ ಅಕ್ಷರ ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆದೆ. "ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಉದ್ಯೋಗಿಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ಮತ್ತೆ ಸೇವೆಗೆ ಸೇರಿಸಿಕೊಳ್ಳಲಾಗಿದೆ. ಆಡಳಿತ ವರ್ಗವು ಅವಳನ್ನು ಕಳಿಸಿದ್ದು ತನ್ನ ಬುದ್ಧಿಗೇಡಿತನದಿಂದ ಎಂದು ಒಪ್ಪಿಕೊಳ್ಳುತ್ತದೆ. ಮ್ಯಾನೇಜರನ್ನು ಪಂಪಿಗೆ ಕಟ್ಟಿ ಬಾವಿಗೆ ಇಳಿಸಲಾಗಿದೆ." ಅಮ್ಮನ ಕೈ ಹಿಡಿದು ಎಳೆದುಕೊಂಡು ಬಂದೆ. ಹೊಸ್ತಿಲು ದಾಟಿದಳು. ಓದಿದಳು. ಬಾವಿಯ ಸಾಲಿಗೆ ಬಂದಾಗ ನಕ್ಕಳು, ಬಾಯಿಗೆ ಸೆರಗು ಹಿಡಿದುಕೊಂಡು, ಹುಡುಗಿಯ ಹಾಗೆ. "ಅವನು ತೂಕ ಕಣೋ, ಹಗ್ಗ ತಡೆಯಲ್ಲ" ಅಂದಳು. ನನ್ನ ಕುರ್ಚಿಯಲ್ಲಿ ಕೂತಳು.

ನಾನು ಗೆದ್ದೆ ಅಂದುಕೊಂಡು ಟೀ ಇಡಲು ಹೋದೆ.

ಒಳಗಿನಿಂದ ಸದ್ದು ಕೇಳಿಸಿತು. ಟಕ್, ಟಕ್, ಟಕ್, ಅದೇ ಮೂರಕ್ಷರದ ಅಪ್ಪಣೆ, ಆಮೇಲೆ ದೊಡ್ಡ ಗುಂಡಿ. ಮೂವತ್ತೊಂದು ವರ್ಷದಿಂದ ಲಿಫ್ಟನ್ನೂ ಮುಟ್ಟದವಳ ಕೈ ತಾನಾಗಿಯೇ ಹೋಗಿ ಒತ್ತಿತ್ತು. ಅವಳು ಕೆಟ್ಟದ್ದೇನೂ ಹುಡುಕುತ್ತಿರಲಿಲ್ಲ. ತನ್ನ ಫೈಲು ಇದೆಯಾ ಅಂತ ನೋಡಲು ಹೋದಳು ಅಷ್ಟೇ. ಆ ಪರದೆಯನ್ನು ಓದಲು ಬರುತ್ತಿದ್ದವರು ಇಬ್ಬರೇ ಅಂತ ನೀನೇ ಬರೆದಿದ್ದೆ. ಅದನ್ನು ಹತ್ತು ಸಲ ಓದಿದ ನನಗೆ, ಎರಡನೆಯವಳು ನನ್ನ ಮನೆಯಲ್ಲೇ ಇದ್ದಾಳೆ ಅಂತ ತಲೆಗೆ ಹೋಗಲಿಲ್ಲ.

ನಾನು ಬರುವಷ್ಟರಲ್ಲಿ ಅವಳ ಬೆರಳು ಆ ಸಾಲಿನ ಮೇಲಿತ್ತು.

"ಒಂಬತ್ತು ಐದು" ಅಂದಳು. "ನಾನು ಹತ್ತಕ್ಕೆ ಬಂದಿದ್ದು."

ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಇಟ್ಟೆ.

"ಅಕ್ಕನಿಗೆ ಗೊತ್ತಾ?"

"ಗೊತ್ತು."

"ಈಗ ಗೊತ್ತಾಗಿದ್ದಾ?"

ಸುಳ್ಳು ಹೇಳಲು ನನಗೆ ಚೆನ್ನಾಗಿ ಬರುತ್ತದೆ ದೊಡ್ಡಮ್ಮಾ, ನಿನಗೆ ಗೊತ್ತು. ಅವಳು ನನ್ನ ಮುಖ ನೋಡುತ್ತಿದ್ದಳು. "ಅವತ್ತೇ" ಅಂದೆ.

ಅವಳು ಪರದೆ ಆರಿಸಿದಳು, ಆಮೇಲೆ ಯಂತ್ರ, ಆಮೇಲೆ ಗೋಡೆಯ ಸ್ವಿಚ್ಚು, ಕ್ರಮವಾಗಿ, ಆಫೀಸಿನಲ್ಲಿ ಆರಿಸುತ್ತಿದ್ದ ಹಾಗೇ ಇರಬೇಕು. ಹೋಗಿ ಅಂಗಿಯ ರಾಶಿ ಎಳೆದುಕೊಂಡಳು.

ಕೈ ಸರಿಯಾಗಿತ್ತು ಅಂತ ಗೊತ್ತಾದರೆ ಸುಖವಾಗುತ್ತದೆ ಅಂದುಕೊಂಡಿದ್ದೆ. ಸೋಮವಾರವೂ ಮೆಟ್ಟಿಲು ಹತ್ತಿಯೇ ಬಂದಳು. "ಇನ್ನಾದರೂ ಲಿಫ್ಟಿನಲ್ಲಿ ಬಾರಮ್ಮ" ಅಂದೆ. "ಈಗ ಅಭ್ಯಾಸ ಆಗಿಹೋಗಿದೆ ಬಿಡು" ಅಂದಳು. ಅಂಗಡಿಯವನ ಮೆಷಿನ್ನಿಗೂ ಅದೇ ಉತ್ತರ. ಹೀಗಾಗುತ್ತದೆ ಅಂತ ನಾವಿಬ್ಬರೂ ಯೋಚಿಸಿರಲಿಲ್ಲ.

ನಿನ್ನ ಕಾಗದ ಕೇಳಿದಳು, ಕೊಟ್ಟೆ. ಓದಿ ಮಡಚಿ ದಾರದ ಡಬ್ಬಿಯಲ್ಲಿ ಇಟ್ಟಿದ್ದಾಳೆ.

ತರಲೆ


ನವೆಂಬರ್ 27

ದೊಡ್ಡಮ್ಮಾ,

ನೀನು ಅಮ್ಮನಿಗೆ ಹಾಕಿದ ಮೂರು ಕಾಗದವೂ ಬಂದಿವೆ. ಇವತ್ತು ಬೆಳಿಗ್ಗೆ ಅಮ್ಮ, "ಬರೆದುಕೋ" ಅಂದಳು. ಸಂಜೆಗೆ ನೂರಾ ಎಂಬತ್ತು ಅಂಗಿ ಕೊಡಬೇಕು, ಅವಳ ಕೈ ಬಿಡುವಿಲ್ಲ, ಅದಕ್ಕೆ ಅಕ್ಷರ ನನ್ನದು. ಹೇಳಿದ್ದನ್ನು ಹೇಳಿದ ಹಾಗೇ ಬರಿ, ನಿನ್ನ ತಲೆಹರಟೆ ಸೇರಿಸಬೇಡ ಅಂದಿದ್ದಾಳೆ. ಸೇರಿಸಿಲ್ಲ. ಇನ್ನು ಕೆಳಗೆಲ್ಲ ಅವಳ ಮಾತು.

ಅಕ್ಕಾ,

ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯಾ ಇಲ್ಲವಾ. ಚಳಿಗೆ ಜಾಸ್ತಿ ಆಗುತ್ತೆ ಅದು.

ಬರೆದ್ಯಾ? ಹೂಂ.

ನಿನ್ನ ಕಾಗದ ನಾಲ್ಕೂ ಓದಿದೆ. ಪಟ್ಟಿಯ ಮೇಲೆ ಖಾಲಿ ಉಳಿಸಿದ್ದು ತಪ್ಪಲ್ಲ ಬಿಡು. ಅದು ಯಾರಿಂದ ಬೇಕಾದರೂ ಆಗುತ್ತಿತ್ತು. ಆ ಪ್ರಶ್ನೆ ಕೇಳುವಾಗ ನನಗೂ ಎಷ್ಟೋ ಸಲ ಬೆರಳು ಜಾರಿದ್ದುಂಟು, ತಕ್ಷಣ ಹಿಡಕೊಂಡಿದ್ದೀನಿ. ನನ್ನ ಪಕ್ಕ ಕೂತು ಕೇಳಿದ್ದರೆ ಹೇಳಿಕೊಡುತ್ತಿದ್ದೆ. ಮುಖ್ಯಸ್ಥೆ ಕೆಲಸವೂ ನಿನಗೇ ಇರಲಿ ಅನ್ನುತ್ತಿದ್ದೆ. ಅದನ್ನ ಹೊಡೆದು ಹಾಕು. ಬೇಡ, ಇರಲಿ.

ಹೇಳದೆ ಇದ್ದದ್ದನ್ನೂ ನಾನು ಅರ್ಥ ಮಾಡಿಕೊಳ್ಳಬಲ್ಲೆ. ಭಯ. ನನಗೆ ಭಯ ಅಂದರೆ ಗೊತ್ತಿಲ್ಲವಾ.

ಆದರೆ ಅವತ್ತು ಮಧ್ಯಾಹ್ನ ನೀನು ಅರ್ಧ ದಿನ ರಜೆ ಹಾಕಿ ನನ್ನ ಜೊತೆ ಬಸ್ಸಿನಲ್ಲಿ ಬಂದೆ. ನೆನಪಿದೆಯಾ? ಸೀಟು ಇರಲಿಲ್ಲ, ಕೂತಿದ್ದ ಯಾರೋ ಹೆಂಗಸಿಗೆ ಹೇಳಿ ನನ್ನನ್ನ ಕೂರಿಸಿದೆ. ನೀನು ನಿಂತೇ ಬಂದೆ, ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು. ನಾನು ಅಳುತ್ತ, ಅಕ್ಕಾ, ನಿನ್ನ ಮರ್ಯಾದೆಯನ್ನೂ ಕಳೆದೆ, ನನ್ನನ್ನ ಕ್ಷಮಿಸಿಬಿಡು ಅಂದೆ. ನೀನು ಬಗ್ಗಿ, ಕ್ಷಮಿಸಿದ್ದೀನಿ, ಕಣ್ಣು ಒರೆಸಿಕೋ ಅಂದೆ.

ದಾರ ಕೊಡು. ಕಪ್ಪಲ್ಲ, ಬಿಳಿ. ಇದನ್ನೂ ಬರೆದ್ಯಾ? ಆಯ್ತು ಬರಿ.

ಆಗ ನಿನಗೆ ಗೊತ್ತಿತ್ತು. ಪರದೆ ನೋಡಿ ಬಂದಿದ್ದೆ. ಗೊತ್ತಿದ್ದೂ ಕ್ಷಮಿಸಿದೆ. ಅದನ್ನ ನಾನು ದೊಡ್ಡ ಉಪಕಾರ ಅಂತ ಇಟ್ಟುಕೊಂಡು ಬಂದೆ. ನೀನು ಬಂದಾಗೆಲ್ಲ ನಿನಗೆ ಒಳ್ಳೇ ತಟ್ಟೆ, ನಿನಗೆ ಹಾಸಿಗೆ, ನೀನು ಬೈದರೂ ಬಾಯಿ ಮುಚ್ಚಿಕೊಂಡೆ. ಯಾಕೆ ಅಂದರೆ ಅಕ್ಕ ನನ್ನನ್ನ ಕ್ಷಮಿಸಿದ್ದಾಳಲ್ಲ ಅಂತ. ಕೆಲಸ ಹೋದದ್ದಕ್ಕೆ ನನಗೆ ಈಗ ಹೊಟ್ಟೆ ಉರಿಯಲ್ಲ. ಆ ಬಸ್ಸು ನೆನಪಾದರೆ ಉರಿಯುತ್ತೆ.

ನೀನು ಕ್ಷಮಿಸು ಅಂತ ಮೂರು ಸಲ ಬರೆದಿದ್ದೀಯ. ನನ್ನ ಹತ್ತಿರ ಇರುವುದು ಒಂದೇ ಕ್ಷಮೆ, ಅವತ್ತು ಬಸ್ಸಿನಲ್ಲಿ ನೀನು ಕೊಟ್ಟದ್ದು. ಅದನ್ನ ವಾಪಸ್ ಕಳಿಸುತ್ತಿದ್ದೀನಿ, ಇಟ್ಟುಕೋ.

ನಿನ್ನ ತಂಗಿ.

ಇಷ್ಟೇ. ಏನೂ ಸೇರಿಸಬೇಡ. ಮಡಚು.